ಮುನ್ಷಿಗೆ ಲಕ್ವಾ ಹೊಡೆದಿರಲಿಲ್ಲ

ಆಫ್ರೀನ್, ಸಂಕ್ರಾಂತಿಯ ಹೊತ್ತಿಗೆ ನಿನ್ನ ಮಾಮ ಮೊಬೈಲಿನಲ್ಲಿ ನಮ್ಮ ನಾಯಿ ಮುನ್ಷಿಯ ಒಂದು ವಿಡಿಯೊ ಕಳಿಸಿದ್ದನಲ್ಲ. ನೀನು ರಾಯಚೂರಿನಿಂದ ಕೂಡಲೇ ಫೋನು ಮಾಡಿ, "ನಾನೀ, ವಿಡಿಯೊ ನಡುವ ನಿಂತುಬಿಟ್ಟೈತಿ, ಮುನ್ಷಿ ಅಲ್ಲಾಡವಲ್ದು" ಎಂದೆ. ಹಿಂದಿನಿಂದ ನಿನ್ನ ತಮ್ಮ ಝೈದ್, "ಏ ಅಕ್ಕಾ, ಅದರ ಹಿಂದ ಸ್ಕೂಟರ್ ಹೊಂಟಾವ ನೋಡು. ವಿಡಿಯೊ ನಡದೈತಿ, ನಾಯೇ ನಿಂತೈತಿ" ಎಂದು ಕೂಗಿದ. ಆಮೇಲೆ ಇಬ್ಬರೂ ಒಟ್ಟಿಗೇ ಕೇಳಿದಿರಿ: "ಯಾಕ ನಾನೀ?"

ನಾನು "ಹೂಂ" ಎಂದೆ. "ಊಟ ಆತೇನು?" ಎಂದೆ. ಫೋನನ್ನು ನಿಮ್ಮ ಮಾಮಿಯ ಕೈಗೆ ಕೊಟ್ಟೆ.

ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಎದುರಿಗೆ ಕುಳಿತರೂ ಅಷ್ಟಕ್ಕಷ್ಟೇ. ತವರಿನ ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಹಾಜರಿ ಕರೆಯುವಾಗ ನಾನು "ಹಾಜರ್ ಸಾ" ಎಂದದ್ದು ಮಾಸ್ತರಿಗೆ ಯಾವತ್ತೂ ಕೇಳಿಸಲಿಲ್ಲ. ವರ್ಷದ ಕೊನೆಗೆ ನೋಡಿದರೆ, ಜ್ವರ ಬಂದಾಗಲೂ ಶಾಲೆ ತಪ್ಪಿಸದ ನಾನು ಪುಸ್ತಕದಲ್ಲಿ ಅರ್ಧ ವರ್ಷ ಗೈರು. ನನ್ನ ಅಬ್ಬಾ ಕೇಳಲು ಬಂದಾಗ ಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಹುಡುಗಿ ನಮ್ಮ ಸಾಲೀದೇನ್ರಿ?" ಎಂದಿದ್ದರು. ಬರೆಯಲು ಮಾತ್ರ ನನಗೆ ಅಂಜಿಕೆಯಿಲ್ಲ. ಕಾಗದ ನನ್ನ ಮುಖ ನೋಡುವುದಿಲ್ಲ. ನಾವು ಮನೆಯಲ್ಲಿ ಆಡುವುದು ದಖನಿ, ನಾನು ಅಕ್ಷರ ಕಲಿತದ್ದು ಕನ್ನಡ. ಆದ್ದರಿಂದ ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಮಾಮ ಹಾಗೆ ಹೇಳಲೇ ಇಲ್ಲವೆಂದು ಆಮೇಲೆ ನನ್ನ ಜೊತೆ ಜಗಳಕ್ಕೆ ಬರಬೇಡಿ.

ಮೂರು ವರ್ಷದ ಹಿಂದೆ ನಿಮ್ಮ ನಾನಾ ತೀರಿಕೊಂಡ ಮೇಲೆ ನಾನು ಸಂತೆಕಲ್ಲೂರು ಬಿಟ್ಟು ಸಿಂಧನೂರಿಗೆ, ನಿಮ್ಮ ಮಾಮ ಮೆಹಬೂಬನ ಮನೆಗೆ ಬಂದೆ. ಜೊತೆಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಮತ್ತು ಮುನ್ಷಿ. ಆಗ ಅದಕ್ಕೆ ಎರಡು ವರ್ಷ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು. ಕಾಲುವೆ ಕಟ್ಟುವ ಕಾಲದಲ್ಲಿ ಬಂದಿದ್ದ ಎಂಜಿನಿಯರ್ ಸಾಹೇಬರೊಬ್ಬರ ಶಿಕಾರಿ ನಾಯಿಯ ವಂಶ ಅದು ಎಂದು ನಿಮ್ಮ ನಾನಾ ಎಲ್ಲರಿಗೂ ಹೇಳುತ್ತಿದ್ದರು. ಮೂತಿ ನೋಡಿದರೆ ಆ ವಂಶಕ್ಕೆ ನಮ್ಮ ಓಣಿಯೂ ಸಾಕಷ್ಟು ಪಾಲು ಸೇರಿಸಿದೆ ಎಂದು ತಿಳಿಯುತ್ತದೆ. ಏನನ್ನೇ ಕಂಡರೂ ಮೊದಲು ಕತ್ತು ಓರೆ ಮಾಡಿ ಯೋಚಿಸುವ ಅಭ್ಯಾಸ ಅದಕ್ಕೆ. ಅದಕ್ಕೇ, ಲೆಕ್ಕ ಬರೆಯುವ ಗುಮಾಸ್ತನಂತೆ, ಮುನ್ಷಿ ಎಂದು ಹೆಸರು.

ನಿಮ್ಮ ಮಾಮಿ ನಸೀಮಾ ಲಿಂಗಸುಗೂರಿನ ಪೇಟೆಯಲ್ಲಿ ಬೆಳೆದವಳು, ಉರ್ದು ಶಾಲೆಯಲ್ಲಿ ಟೀಚರ್. ನಾಯಿಯನ್ನು ಹೊಸ್ತಿಲ ಒಳಗೆ ಬಿಡುವುದಿಲ್ಲ. ಆದರೆ ಹೊರಗೆ ಅದಕ್ಕೆ ಗೋಣಿಚೀಲ ಹಾಸುವುದನ್ನು ಒಂದು ದಿನವೂ ಮರೆತವಳಲ್ಲ. ಹೀಗೆ ಸುಮಾರು ಮೂರು ವರ್ಷ ಮುನ್ಷಿ ಒಂದು ಮಾಮೂಲಿ ನಾಯಿಯಾಗಿ ಬಾಗಿಲಲ್ಲಿ ಮಲಗಿಕೊಂಡು ಬದುಕಿತು.

ಆಮೇಲೆ ಓಣಿಯ ತುದಿಯಲ್ಲಿ ಇಸ್ಮಾಯಿಲ ಎಂಬುವನು ಚಿಕನ್ ಸೆಂಟರ್ ತೆರೆದ. ಕೋಳಿಯ ಜೊತೆಗೆ ಒಂದು ತಂತಿಯ ಪಂಜರದಲ್ಲಿ ಬುರ್ಲಿಗಳನ್ನೂ ಇಟ್ಟ. ಬುರ್ಲಿ ಎಂದರೆ ನಿಮ್ಮ ಪುಸ್ತಕದಲ್ಲಿ ಲಾವಕ್ಕಿ ಎಂದು ಬರೆದಿರುವ ಹಕ್ಕಿ. ನಿಮ್ಮ ಅಮ್ಮ ಬಟೇರ್ ಎನ್ನುತ್ತಾಳೆ. ಇಸ್ಮಾಯಿಲನವು ಫಾರಮ್ಮಿನಲ್ಲಿ ಸಾಕಿದವು, ಲೈಸೆನ್ಸ್ ಇದ್ದವು. ಪಂಜರ ಬಂದ ಮಾರನೆಯ ದಿನವೇ ಮುನ್ಷಿ ಅಂಗಡಿಯ ಎದುರು, ರಸ್ತೆಯ ಈಚೆ ಬದಿಗೆ ಹೋಗಿ ನಿಂತುಕೊಂಡಿತು. ಮುಂದಿನ ಎಡಗಾಲು ಮಡಚಿ ಮೇಲೆತ್ತಿ, ಬಾಲ ಬಡಿಗೆಯಂತೆ ಚಾಚಿ, ಮೂಗು ಪಂಜರದ ಕಡೆಗೆ ಇಟ್ಟು ನಿಂತದ್ದು, ಒಂದು ತಾಸು ಕದಲಲಿಲ್ಲ. ಆಟೊದವರು ಹಾರ್ನ್ ಹೊಡೆದರೂ ಇಲ್ಲ, ಮಕ್ಕಳು ಬಾಲ ಎಳೆದರೂ ಇಲ್ಲ. ಮರುದಿನವೂ ಹಾಗೇ. ನಿಮಗೆ ಬಂದ ವಿಡಿಯೊ ಅದೇ.

ಓಣಿಯ ಜನ ಸೇರಿ ರೋಗ ಗೊತ್ತುಮಾಡಿದರು. "ಲಕ್ವಾ ಹೊಡದೈತ್ರಿ, ನೋಡ್ರಿ ಕಾಲು ಇಳಸವಲ್ದು" ಎಂದು ಒಬ್ಬರು. ಲಕ್ವಾಕ್ಕೆ ಪಾರಿವಾಳದ ರಕ್ತ ಸವರಬೇಕೆಂದು ಇನ್ನೊಬ್ಬರು. ಇಸ್ಮಾಯಿಲನ ತಕರಾರು ಬೇರೆ: "ಮೆಹಬೂಬ್ ಭಾಯ್, ನಿಮ್ಮ ನಾಯಿ ಮುಂಜಾನೆಯಿಂದ ನನ್ನ ಅಂಗಡಿಗೆ ನದರ್ ಹಾಕಾಕತ್ತೈತ್ರಿ. ಗಿರಾಕಿ ಬಂದಾವರು ಅದರ ಮುಖ ನೋಡಿ ಹಂಗಾ ಹೊಳ್ಳಿ ಹೊಂಟಾರ."

ಮೆಹಬೂಬ ನಿಂತ ನಾಯಿಯನ್ನು ನಿಂತ ಹಾಗೆಯೇ, ಕುರ್ಚಿ ಎತ್ತಿದಂತೆ ಎತ್ತಿ ಆಟೊದಲ್ಲಿಟ್ಟುಕೊಂಡು ದನದ ಡಾಕ್ಟರ ಹತ್ತಿರ ಹೋದ. ಅಲ್ಲಿ ಮುಟ್ಟುವ ಹೊತ್ತಿಗೆ ಮುನ್ಷಿ ನಾಲ್ಕೂ ಕಾಲಿನ ಮೇಲೆ ಕುಣಿಯುತ್ತ ಡಾಕ್ಟರ ಕೈ ನೆಕ್ಕಿತಂತೆ. ಆದರೂ ಬಂದ ತಪ್ಪಿಗೆ ಒಂದು ಶಕ್ತಿಯ ಸೂಜಿ ಚುಚ್ಚಿಸಿಕೊಂಡು ಬಂತು. ಸಂಜೆ ನಿಮ್ಮ ಮಾಮ, ಮಾಮಿ ಇಬ್ಬರೂ ಅಂಗಳದಲ್ಲಿ ಕುಳಿತು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಅದರ ಕಾಲಿಗೆ ತಿಕ್ಕಿದರು. ಮುನ್ಷಿ ಕಣ್ಣು ಮುಚ್ಚಿ, ನವಾಬನಂತೆ ಒಂದಾದ ಮೇಲೊಂದು ಕಾಲು ಚಾಚಿ ತಿಕ್ಕಿಸಿಕೊಂಡಿತು. ನಾನು ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದೆ. ಅಕ್ಕಿಯಲ್ಲಿ ಕಲ್ಲೇ ಇರಲಿಲ್ಲ.

ಏಕೆಂದರೆ ನನಗೆ ಮೊದಲ ದಿನವೇ ಗೊತ್ತಿತ್ತು. ಮುನ್ಷಿ ಬುರ್ಲಿ ತೋರಿಸುತ್ತಿತ್ತು.

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ. ಹೇಳಬೇಕೆಂದರೆ, ನಿನಗೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕಾಗುತ್ತದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿಮ್ಮ ಅಮ್ಮನಿಗೆ ಗೊತ್ತಿದ್ದರೂ ಅವಳು ಯಾರ ಮುಂದೆಯೂ ಆಡಿದವಳಲ್ಲ.

ನಾನು ಮದುವೆಯಾಗಿ ಸಂತೆಕಲ್ಲೂರಿಗೆ ಬಂದಾಗ ಆರು ತಿಂಗಳು ಮಾತಾಡಲಿಲ್ಲ. ಕರೆದರೆ ಹೋಗುತ್ತಿದ್ದೆ, ಹೇಳಿದ್ದು ಮಾಡುತ್ತಿದ್ದೆ, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ನನ್ನ ಅತ್ತೆ ಗಾಬರಿಯಾಗಿ ಬೀಗರಿಗೆ ಹೇಳಿಕಳಿಸಿದ್ದರು: "ಹುಡುಗಿ ಮೂಗಿ ಅದಾಳೇನು, ಈಗಾದ್ರೂ ಖರೇ ಹೇಳ್ರಿ." ಖುಷಿಪಟ್ಟವರೆಂದರೆ ನಿಮ್ಮ ನಾನಾ ಒಬ್ಬರೇ. ಅವರಿಗೆ ಬುರ್ಲಿಯ ಹುಚ್ಚು. ಬಲೆ ಹಿಡಿದು ಕೂರಲು ಅವರಿಗೆ ಸರಿಯಾದ ಜನ ಸಿಕ್ಕಿರಲಿಲ್ಲ. ತಮ್ಮನನ್ನು ಕೂರಿಸಿದರೆ ಬೀಡಿ ಹಚ್ಚುತ್ತಿದ್ದ, ಗೆಳೆಯನನ್ನು ಕೂರಿಸಿದರೆ ಹಾಡುತ್ತಿದ್ದ. "ಅಮ್ಮಾ, ಬಲಿ ಹಿಡಿಯಾಕ ಇಂಥಾಕೀನಾ ಬೇಕಾಗಿತ್ತು ನೋಡು ನನಗ" ಎಂದು ಅತ್ತೆಗೆ ಹೇಳಿ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಸೊಸೆಯನ್ನು ಹೊಲಕ್ಕೆ ಕಳಿಸಲು ಅತ್ತೆಗೆ ಅಡ್ಡಿಯಿರಲಿಲ್ಲ. ಅವರ ಅಡ್ಡಿಯೆಲ್ಲ ನಾಯಿ ಮುಟ್ಟಿದ ಮೈಲಿಗೆಗೆ. ನಾವು ಮರಳುವ ಹೊತ್ತಿಗೆ ಬಾಗಿಲಲ್ಲಿ ನೀರಿನ ಕೊಡ ಹಿಡಿದು ನಿಂತು, ಮೊಳಕೈವರೆಗೆ ತೊಳೆಸಿ ಒಳಗೆ ಬಿಡುತ್ತಿದ್ದರು. ಮಗನಿಗೆ ಮೂರು ಸಲ, ನನಗೆ ನಾಲ್ಕು ಸಲ.

ಆ ಕೆಲಸದ ರೀತಿ ಹೀಗೆ. ಹಿಂಗಾರಿ ಜೋಳ ಕೀಳುವವರು ಹೊಲದ ಸುತ್ತಲಿಂದ ಕೀಳುತ್ತ ಒಳಗೆ ಬರುತ್ತಾರೆ. ಬುರ್ಲಿ ಸುಮ್ಮಸುಮ್ಮನೆ ಹಾರುವ ಹಕ್ಕಿಯಲ್ಲ. ಕಾಲಲ್ಲೇ ಓಡಿ ಓಡಿ ಒಳಗೊಳಗೇ ಸೇರಿಕೊಂಡು, ಕೊನೆಗೆ ಹೊಲದ ನಡುವೆ ಉಳಿದ ಪಟ್ಟಿಯಲ್ಲಿ ಕಿಕ್ಕಿರಿಯುತ್ತದೆ. ಆ ಪಟ್ಟಿಯ ಒಂದು ತುದಿಗೆ ಮೊಳದೆತ್ತರದ ಬಲೆ ಕಟ್ಟಿ, ಅದರ ಬಡಿಗೆ ಹಿಡಿದು ಒಬ್ಬರು ನೆಲಕ್ಕೆ ಅಂಟಿ ಕೂರಬೇಕು. ಕೆಮ್ಮಬಾರದು, ಸೆರಗು ಹಾರಬಾರದು. ಇನ್ನೊಂದು ತುದಿಯಿಂದ ನಾಯಿಯ ಜೊತೆ ಒಬ್ಬರು ಬರುತ್ತಾರೆ. ವಾಸನೆ ಸಿಕ್ಕ ಕೂಡಲೇ ನಾಯಿ ನಿಂತುಬಿಡಬೇಕು, ಬಾಯಿ ಹಾಕಬಾರದು. ನಾಯಿ ಕಚ್ಚಿ ಸತ್ತ ಹಕ್ಕಿ ನಮ್ಮ ಮನೆಗೆ ಬರುವ ಹಾಗಿರಲಿಲ್ಲ. ನಾಯಿಯನ್ನು ಮುಂದೆ ಬಿಡುವಾಗ ಅಲ್ಲಾಹನ ಹೆಸರು ಹೇಳಬೇಕೆಂಬುದು ನಮ್ಮಲ್ಲಿ ನಿಯಮ. ನಿಮ್ಮ ನಾನಾ ನಾಯಿಯ ಮಗ್ಗುಲಿಗೆ ಬಂದು ನಿಂತು "ಬಿಸ್ಮಿಲ್ಲಾ" ಎನ್ನುತ್ತಿದ್ದರು. ಅಲ್ಲಿಯವರೆಗೆ ಆಕಾಶ ಕಳಚಿ ಬಿದ್ದರೂ ನಾಯಿ ಕದಲುತ್ತಿರಲಿಲ್ಲ. ಹೇಳಿದ ಕೂಡಲೇ ಒಂದೇ ನೆಗೆತ. ಬುರ್ಲಿಗಳು ಭರ್ರನೆ ಎದ್ದು ನೆಲ ಸವರಿಕೊಂಡು ಬಂದು ನನ್ನ ಬಲೆಗೆ ಬೀಳುತ್ತಿದ್ದವು. ಬಲೆಯಲ್ಲಿ ಬಿದ್ದ ಬುರ್ಲಿಯನ್ನು ಅಂಗೈಯಲ್ಲಿ ಹಿಡಿದಾಗ ಅದರ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತದೆಂದರೆ, ಹೊಡೆದುಕೊಳ್ಳುತ್ತಿರುವುದು ಅದರದೋ ನಮ್ಮದೋ ತಿಳಿಯುವುದಿಲ್ಲ. ಮೊಟ್ಟೆಯ ದಿನಗಳಲ್ಲಿ ನಿಮ್ಮ ನಾನಾ ಬಲೆ ಮುಟ್ಟುತ್ತಿರಲಿಲ್ಲ. ಜೋಡಿ ಸಿಕ್ಕರೆ ಹೆಣ್ಣನ್ನು ಬಿಡುತ್ತಿದ್ದರು. ಅತ್ತೆ ಬುರ್ಲಿಯ ಸಾರಿಗೆ ಹುರಿದ ಎಳ್ಳು ಅರೆದು ಹಾಕುತ್ತಿದ್ದರು. ಆ ರುಚಿಯನ್ನು ನಿಮಗೆ ಬರೆದು ತಿಳಿಸಲಾರೆ, ಬಿಡಿ.

ಹೊಲದಲ್ಲಿ ನನ್ನ ಬಾಯಿಲ್ಲದತನ ಒಂದು ವಿದ್ಯೆಯಾಗಿಬಿಟ್ಟಿತ್ತು. ಲೋಕದಲ್ಲಿ ಬೇರೆಲ್ಲೂ ಅದಕ್ಕೆ ಬೆಲೆ ಸಿಕ್ಕಿರಲಿಲ್ಲ. ನಿಮ್ಮ ಅಮ್ಮನಿಗೆ ಗಂಡು ನೋಡುವ ಕಾಲ ಬರುವವರೆಗೂ ನಾನು ಪ್ರತಿ ಸುಗ್ಗಿಗೆ ಬಲೆ ಹಿಡಿದೆ. ಆಮೇಲೆ, ಬೀಗರಾಗುವವರು ಬಸ್ಸಿನ ಕಿಟಕಿಯಿಂದ ನೋಡಿದರೆ ಏನೆಂದುಕೊಂಡಾರು ಎಂದು ಬಿಟ್ಟೆ. ಬುರ್ಲಿ ಹಿಡಿಯುವುದು ಕಾನೂನಿಗೆ ತಪ್ಪು ಎಂದು ತಿಳಿದ ಮೇಲೆ ನಿಮ್ಮ ನಾನಾ ಬಲೆಯನ್ನೂ ಸುಟ್ಟರು. ಆದರೆ ನಾಯಿ ಸಾಕುವುದನ್ನು ಬಿಡಲಿಲ್ಲ. ಕೊನೆಯವರೆಗೂ ಬರಿಗೈಯಲ್ಲಿ ಹೋಗಿ, ನಾಯಿಯಿಂದ ಹಕ್ಕಿ ತೋರಿಸಿಕೊಂಡು, ಬಿಸ್ಮಿಲ್ಲಾ ಎಂದು ಎಬ್ಬಿಸಿ, ಹಾರಿಹೋದದ್ದನ್ನು ನೋಡಿಕೊಂಡು ಬರಿಗೈಯಲ್ಲಿ ಬರುತ್ತಿದ್ದರು. ಮುನ್ಷಿ ಕಲಿತದ್ದು ಆ ದಿನಗಳಲ್ಲಿ. ನಾನಂತೂ ಹೊಲದ ಕಡೆ ತಲೆ ಹಾಕಿ ಇಪ್ಪತ್ತು ವರ್ಷವಾಗಿತ್ತು. ಲಿಂಗಸುಗೂರಿನ ಬೀಗರ ಮನೆಯಲ್ಲಿ ನನ್ನ ಹೆಸರು "ಹೊಸ್ತಿಲು ದಾಟದ ಹುಸೇನಬಿ". ಆ ಹೆಸರು ಕೇಳಲು ಚೆನ್ನಾಗಿತ್ತು. ಅದಕ್ಕೇ ಸುಮ್ಮನಿದ್ದೆ.

ಸುಮ್ಮನಿರಲು ಆಗದ ಹಾಗೆ ಮಾಡಿದ್ದು ಒಂದು ಶುಕ್ರವಾರ. ಇಸ್ಮಾಯಿಲ ಕೋಳಿ ಕೊಯ್ಯುವಾಗ ಬಿಸ್ಮಿಲ್ಲಾವನ್ನು ತುಟಿಯಲ್ಲೇ ಹೇಳಿಕೊಳ್ಳುವವನು. ಆ ದಿನ ಕಿವಿ ಮಂದವಾದ ಹಾಜಿಸಾಹೇಬರೊಬ್ಬರು ಬಂದು, "ಜೋರಾಗಿ ಹೇಳಪಾ, ನನ್ನ ಕಿವೀಗೆ ಬೀಳಬೇಕು, ಇಲ್ಲಾಂದ್ರ ನಾ ಒಯ್ಯಂಗಿಲ್ಲ" ಎಂದರಂತೆ. ಇಸ್ಮಾಯಿಲ ಬೇಸರದಿಂದ ಓಣಿಗೆಲ್ಲ ಕೇಳುವಂತೆ ಕೂಗಿದ. ಎದುರಿಗೆ ಎರಡು ತಾಸಿನಿಂದ ಒಂಟಿ ಕಾಲೆತ್ತಿ ಕಾಯುತ್ತಿದ್ದ ಮುನ್ಷಿಗೆ ಇನ್ನೇನು ಬೇಕು? ರಸ್ತೆ ದಾಟಿ ಒಂದೇ ನೆಗೆತಕ್ಕೆ ಪಂಜರದ ಮೇಲೆ ಬಿತ್ತು. ಪಂಜರ ಉರುಳಿ ಬಾಗಿಲು ತೆರೆದು, ಬುರ್ಲಿಗಳೆಲ್ಲ ಮಸ್ಕಿ ರಸ್ತೆಯ ತುಂಬ ಓಡಾಡಿದವು. ಒಂದಕ್ಕೂ ಮುನ್ಷಿ ಬಾಯಿ ಹಾಕಲಿಲ್ಲ. ತನ್ನ ಕೆಲಸ ಮುಗಿಯಿತೆಂದು ಅಂಗಡಿಯ ನಡುವೆ ಕುಳಿತು, ಶಾಬಾಸ್ ಎನ್ನುವವರು ಯಾರೆಂದು ಎಲ್ಲರ ಮುಖ ನೋಡಿತು. ಹಾಜಿಸಾಹೇಬರು ಮೇಜಿನ ಮೇಲೆ ಹತ್ತಿ ನಿಂತಿದ್ದರು.

ಲಕ್ವಾ ಹೋಗಿ ಈಗ ಹುಚ್ಚು ಎಂದಾಯಿತು. ಆ ರಾತ್ರಿ ಊಟಕ್ಕೆ ಕುಳಿತಾಗ ಮೆಹಬೂಬ ಹೇಳಿದ: "ಇನ್ನ ಇಟ್ಕೊಳ್ಳಾಕ ಆಗಂಗಿಲ್ಲ ಅಮ್ಮಾ. ಓಣ್ಯಾಗ ಮಕ್ಕಳು ಮರಿ ಅದಾವ. ಆರ್.ಎಚ್. ಕ್ಯಾಂಪಿನ ಬಿಶ್ವಾಸ್ ಬಾಬು ನಮ್ಮ ರೈಸ್ ಮಿಲ್ಲಿಗೆ ಬರ್ತಾರಲ್ಲ, ಅವರ ಮನಿ ಹಿಂದ ಮೀನಿನ ಹೊಂಡ ಐತಿ. ಕೊಕ್ಕರಿ ಓಡಸಾಕ ಒಂದು ನಾಯಿ ಬೇಕಂತ. ಸರಪಳಿ ಹಾಕಿ ಕಟ್ತಾರ, ಹೊಟ್ಟಿಗೆ ಚೆಂದಾಗಿ ಮೀನ ಹಾಕ್ತಾರ. ಆದಿತವಾರ ಬಿಟ್ಟು ಬರ್ತೀನಿ."

ಬಂಗಾಲಿ ನಿರಾಶ್ರಿತರ ಆ ಕ್ಯಾಂಪಿನ ಬಿಶ್ವಾಸ್ ಬಾಬು ಒಳ್ಳೆಯವರು. ನಮ್ಮ ಮನೆಗೂ ಬಂದಿದ್ದಾರೆ. ಆದರೆ ಸರಪಳಿ ಎಂದ ಕೂಡಲೇ ನಾನು ರೊಟ್ಟಿ ಕೆಳಗಿಟ್ಟೆ. ನೀರು ಕುಡಿದು, "ಅದಕ ಹುಚ್ಚಿಲ್ಲ" ಎಂದೆ. ಇಬ್ಬರೂ ತಲೆಯೆತ್ತಿದರು. ನಾನು ತಟ್ಟೆಯನ್ನೇ ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಬಲೆ, ಜೋಳದ ಹೊಲ, ನಿಮ್ಮ ನಾನಾ, ಬಿಸ್ಮಿಲ್ಲಾ. ಮದುವೆಯಾದ ಮೇಲೆ ಒಂದೇ ಉಸಿರಿಗೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ನಸೀಮಾ ಮೆಲ್ಲಗೆ ಕೇಳಿದಳು: "ನೀವಾ, ಅಮ್ಮೀ? ಬಲಿ ಹಿಡದು ಹೊಲದಾಗ ಕೂಡ್ತಿದ್ರಾ?"

"ಹೌ" ಎಂದೆ.

ಅವಳು ಬಾಯಿಗೆ ಸೆರಗು ಹಿಡಿದಳು. ನಾಚಿಕೆಗೇಡು ಎಂದುಕೊಂಡಳೇನೋ ಎಂದು ನಾನು ಕುಗ್ಗಿದೆ. ನೋಡಿದರೆ ಅವಳ ಭುಜ ಕುಲುಕುತ್ತಿತ್ತು. "ನಮ್ಮ ಅಬ್ಬಾ ನನಗ ನಿಕಾ ಗೊತ್ತಾದಾಗಿಂದ ಹೇಳ್ಯಾರ, ಹೆಣ್ಮಕ್ಕಳು ಹುಸೇನಬೀ ಹಾಂಗ ಮನ್ಯಾಗ ಇರಬೇಕು ಅಂತ!"

ಮೆಹಬೂಬನಿಗೆ ನಂಬಿಕೆ ಬರಲಿಲ್ಲ. ಅವನು ಹಾಸ್ಟೆಲಿನಲ್ಲಿ ಓದಿ ಬೆಳೆದವನು, ಅಪ್ಪನ ಜೊತೆ ಹೊಲ ತಿರುಗಿದವನಲ್ಲ. "ಆತು, ತೋರಸು. ಖರೇ ಹೊಲದಾಗ ಖರೇ ಹಕ್ಕಿ ತೋರಸಿದ್ರ ನಾಯಿ ಇರ್ಲಿ. ಇಲ್ಲಾಂದ್ರ ಆದಿತವಾರ ಸಂಜೀಗೆ ಕ್ಯಾಂಪಿಗೆ" ಎಂದ.

ಹಾಗಾಗಿ ಆದಿತ್ಯವಾರ ಬೆಳಿಗ್ಗೆ ನಾವು ಮೂವರೂ ಮುನ್ಷಿಯನ್ನು ಕಾಲಬಳಿ ಕೂರಿಸಿಕೊಂಡು ಬಾಡಿಗೆ ಆಟೊದಲ್ಲಿ ಹೊರಟೆವು. ಕಾಲುವೆಯ ಹಸಿರು ಮುಗಿದು, ಮಸ್ಕಿ ದಾಟಿ, ಎರೆ ಹೊಲಗಳು ಬಂದ ಕೂಡಲೇ ಮುನ್ಷಿ ಎದ್ದು ನಿಂತು ಮೂಗು ಹೊರಗೆ ಚಾಚಿತು. ಪರೀಕ್ಷೆ ನಾಯಿಯದಾದರೂ ಫೇಲಾಗುವವಳು ನಾನೇ ಎಂದು ಅನಿಸುತ್ತಿತ್ತು. ಮೂರು ವರ್ಷ ಪೇಟೆಯ ಹೊಗೆ ಕುಡಿದ ಮೂಗು ಅದು. ಇಪ್ಪತ್ತು ವರ್ಷ ಹೊಸ್ತಿಲಲ್ಲಿ ಕುಳಿತವಳು ನಾನು.

ನಾನು ಹೇಳಿಕಳಿಸಿದ್ದು ಹುಲಿಗೆವ್ವನಿಗೆ. ಅವಳು ನನ್ನ ವಯಸ್ಸಿನವಳು. ಅವಳ ಹೊಲದಲ್ಲೇ ನಾವು ಬಲೆ ಕಟ್ಟುತ್ತಿದ್ದದ್ದು. ಕೊನೆಯ ಪಟ್ಟಿ ಕೀಳುವ ಮೊದಲು ಬುರ್ಲಿ ಎಬ್ಬಿಸಿ ಕಳಿಸಬೇಕು, ಇಲ್ಲದಿದ್ದರೆ ದಂಟಿನ ಸಿವುಡು ಕಟ್ಟುವಾಗ ಕಾಲಿಗೆ ಸಿಕ್ಕು ಸಾಯುತ್ತವೆ ಎಂಬುದು ಅವರ ಮನೆಯ ಹಳೆಯ ನಡಾವಳಿ. ಆ ದಿನ ಪಟ್ಟಿ ಹಾಗೇ ಬಿಟ್ಟಿದ್ದಳು. ಆಳುಗಳು ಹತ್ತು ಮಂದಿ ಬದುವಿನ ಮೇಲೆ ಸಾಲಾಗಿ, ನಾಟಕ ನೋಡುವವರಂತೆ ಕುಳಿತಿದ್ದರು.

"ಏ ಹುಸೇನಿ! ಸತ್ತಿ ಅಂತ ಮಾಡಿದ್ನೆಲ್ಲಬೇ" ಎಂದು ಹುಲಿಗೆವ್ವ ದೂರದಿಂದಲೇ ಕೂಗಿದಳು. "ಸಿಂಧನೂರ ನೆಲ್ಲಕ್ಕಿ ತಿಂದು ಬೆಳ್ಳಗ ಆಗೀದಿ. ಮಾತರ ಕಲತೀಯೋ ಇಲ್ಲೋ?"

"ಇಲ್ಲ" ಎಂದು ತಲೆಯಾಡಿಸಿದೆ.

"ಸೊಸಿ ಮುಂದ ಹ್ಯಾಂಗ ಬದಕತೀಯಬೇ?"

"ಅಮ್ಮೀ ಬಾಯಿಗೆ ನಾನ ಅದೀನ್ರಿ" ಎಂದಳು ನಸೀಮಾ. ಹುಲಿಗೆವ್ವ ನಕ್ಕು ಅವಳ ಕೈಗೆ ಒಂದು ತೆನೆ ಕೊಟ್ಟಳು.

ಮುನ್ಷಿಯ ಕೊರಳ ಹಗ್ಗ ಬಿಚ್ಚಿದೆ. ಅದು ಬಾಣದಂತೆ ಓಡಿ ಹೊಲದ ಗುಡಿಸಲಿನ ಹಿಂದೆ ಹೋಗಿ, ಕಾಲೆತ್ತಿ, ಬಾಲ ಚಾಚಿ ನಿಂತುಕೊಂಡಿತು. ಎಲ್ಲರೂ ಹಿಂದೆ ಓಡಿದೆವು. ಅಲ್ಲಿ ಬುಟ್ಟಿಯ ಕೆಳಗೆ ಹುಲಿಗೆವ್ವನ ಹೇಟೆ ಕಾವು ಕುಳಿತಿತ್ತು. ಮೆಹಬೂಬ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಲ್ಲೂ ಒಂದು ಚಿಕನ್ ಸೆಂಟರ್ ಹುಡಿಕ್ಯಾನ್ರಿ ನಮ್ಮ ಶಿಕಾರಿ!" ಬದುವಿನ ಮೇಲಿನ ಹತ್ತು ಮಂದಿಯೂ ನಕ್ಕರು. ಹುಲಿಗೆವ್ವ, "ಹೋಗಲಿ ಬಿಡು, ಮರತಾನ" ಎಂದಳು. ಆ ಸಮಾಧಾನದ ಮಾತು ನಗುವಿಗಿಂತ ಹೆಚ್ಚು ಚುಚ್ಚಿತು. ಮೆಹಬೂಬ ಜೇಬಿನಿಂದ ಫೋನು ತೆಗೆದು ಹೊತ್ತು ನೋಡಿದ. ಕ್ಯಾಂಪಿನ ದಾರಿ ಅವನ ಮನಸ್ಸಿಗೆ ಬಂದಿತ್ತು.

ಆಗ ನನಗೆ ಹೊಳೆಯಿತು. ಗಾಳಿ ನಮ್ಮ ಬೆನ್ನಿಗಿತ್ತು. ಹಿಂದಿನಿಂದ ಗಾಳಿ ಬೀಸಿದರೆ ಮುಂದಿನ ಹಕ್ಕಿಯ ವಾಸನೆ ನಾಯಿಗೆ ಹೇಗೆ ಸಿಗಬೇಕು? ಬಲೆ ಹಿಡಿದು ಎಷ್ಟೋ ಸುಗ್ಗಿ ಕಳೆದ ನಾನು ನಾಯಿಯನ್ನು ತಪ್ಪು ಕಡೆಯಿಂದ ಬಿಟ್ಟಿದ್ದೆ! ಯಾರಿಗೂ ಹೇಳದೆ ಮುನ್ಷಿಯನ್ನು ಎಳೆದುಕೊಂಡು ಹೊಲ ಸುತ್ತಿ, ಗಾಳಿ ಅದರ ಮೂಗಿಗೆ ಬೀಸುವ ಕಡೆಯಿಂದ ಪಟ್ಟಿಯ ಬಾಯಿಗೆ ಬಿಟ್ಟೆ. ನಾನು ಅಭ್ಯಾಸದಂತೆ ಪಟ್ಟಿಯ ಇನ್ನೊಂದು ತುದಿಗೆ, ಬಲೆಯವರು ಕೂರುವ ಜಾಗಕ್ಕೆ ಹೋಗಿ ಕುಳಿತೆ. ಬಲೆಯಿಲ್ಲ, ಹಿಡಿಯುವುದೇನೂ ಇಲ್ಲ, ಆದರೂ ಕಾಲು ತಾನಾಗಿ ಅಲ್ಲಿಗೇ ಹೋಗಿ ಮಡಚಿಕೊಂಡಿತು.

ಮಕ್ಕಳೇ, ಅಲ್ಲಿ ಮುನ್ಷಿ ಬೇರೆಯೇ ಒಂದು ಪ್ರಾಣಿಯಾಯಿತು. ಓಟ ನಿಂತಿತು. ಹೊಟ್ಟೆ ನೆಲಕ್ಕೆ ತಾಗುವಂತೆ ಕುಗ್ಗಿ, ಒಂದೊಂದೇ ಹೆಜ್ಜೆ, ಬೆಕ್ಕಿನಂತೆ. ಜೋಳದ ದಂಟಿನ ಒಂದು ಎಲೆಯೂ ಅಲ್ಲಾಡದಂತೆ ಹತ್ತು ಮಾರು ಹೋಗಿ ನಿಂತಿತು. ಎಡಗಾಲು ಮೇಲೆ. ಜೋತ ಕಿವಿಯೂ ಮುಂದಕ್ಕೆ ಬಾಗಿತ್ತು.

ಮೆಹಬೂಬ ಪಟ್ಟಿಯ ಪಕ್ಕದಲ್ಲಿ ನಿಂತಿದ್ದ. "ಮತ್ತ ಲಕ್ವಾ ಹೊಡೀತು" ಎಂದ. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಇಲ್ಲಿ ಏನಿಲ್ಲಮ್ಮಾ, ಬರೇ ಜೋಳ ಐತಿ" ಎಂದ. ಮುನ್ಷಿ ಕದಲಲಿಲ್ಲ. ಅದು ಕಾಯುತ್ತಿತ್ತು. ಅದರ ಮಗ್ಗುಲಲ್ಲಿ ನಿಂತು ಹೇಳಬೇಕಾದವರು ಇಲ್ಲ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಹೇಳುವವಳು ನಾನೇ ಎಂಬುದು ನನಗೂ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

ಆ ಹೊಲದಲ್ಲಿ ನಾನು ಯಾವತ್ತೂ ಬಾಯಿ ತೆರೆದವಳಲ್ಲ. ಬಿಸ್ಮಿಲ್ಲಾ ಎಂದೆ. ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಇನ್ನೊಮ್ಮೆ ಅಂದೆ. ಹಾಜರಿ ಹೇಳಿದಷ್ಟು ಸದ್ದಾಯಿತು. ಮುನ್ಷಿಯ ಒಂದು ಕಿವಿ ಮಾತ್ರ ನನ್ನ ಕಡೆ ತಿರುಗಿ ನಿಂತಿತು. ಹತ್ತು ಜನ ಆಳುಗಳು ನೋಡುತ್ತಿದ್ದಾರೆ, ಆಟೊದವನು ನೋಡುತ್ತಿದ್ದಾನೆ, ಸೊಸೆ ನೋಡುತ್ತಿದ್ದಾಳೆ. ಮೆಹಬೂಬ ಹಗ್ಗ ಹಿಡಿದುಕೊಂಡು ನಾಯಿಯ ಕಡೆ ಹೆಜ್ಜೆ ಇಟ್ಟ.

ನಾನು ಎದ್ದು ನಿಂತೆ. ತಲೆಯ ಮೇಲಿನ ಸೆರಗು ಜಾರಿತು. "ಬಿಸ್ಮಿಲ್ಲಾ!" ಎಂದು ಕೂಗಿದೆ.

ಆ ದನಿ ಎಲ್ಲಿತ್ತೋ! ಹುಲಿಗೆವ್ವ "ಯಪ್ಪಾ!" ಎಂದು ಎದೆ ಹಿಡಿದುಕೊಂಡಳು. ಮುನ್ಷಿ ನೆಗೆಯಿತು. ನೆಲವೇ ಒಡೆದಂತೆ ಒಂದು ಬುರ್ಲಿ, ಎರಡು, ಆಮೇಲೆ ಎಣಿಸಲಾಗದಷ್ಟು, ಭರ್ರೆಂದು ಎದ್ದವು. ಒಂದು ನೇರವಾಗಿ ಮೆಹಬೂಬನ ಕಿವಿ ಸವರಿಕೊಂಡು ಹೋಯಿತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಸಾಲಿನಲ್ಲೇ ಕುಳಿತುಬಿಟ್ಟ. ಉಳಿದವು ನನ್ನ ಎಡಕ್ಕೂ ಬಲಕ್ಕೂ ನೆಲ ಸವರಿಕೊಂಡು ಹಾರಿ, ಆಚೆಯ ಕಡಲೆ ಹೊಲದಲ್ಲಿ ಇಳಿದವು. ನನ್ನ ಕೈಗಳು ಇಲ್ಲದ ಬಡಿಗೆಯನ್ನು ಹಿಡಿದುಕೊಂಡೇ ಇದ್ದವು.

ಬದುವಿನ ಮೇಲೆ ಸಿಳ್ಳೆ, ಚಪ್ಪಾಳೆ. ನಸೀಮಾ ತೆನೆ ಬಿಸಾಡಿ ಓಡಿಬಂದು, ನಾಯಿ ಮುಟ್ಟಿದ ನನ್ನ ಕೈಗಳನ್ನೇ ಹಿಡಿದುಕೊಂಡಳು. ಮೆಹಬೂಬ ಮಣ್ಣು ಕೊಡವಿಕೊಳ್ಳುತ್ತ ಎದ್ದು ಬಂದ. ಆಮೇಲೆ ಕೇಳಿದ: "ಅಬ್ಬಾ ಹಿಂಗಾ ಕೂಗ್ತಿದ್ರೇನಮ್ಮಾ?"

"ಇಲ್ಲಪಾ. ಮಗ್ಗಲಕ ನಿಂತು ಮೆಲ್ಲಗ ಅಂತಿದ್ರು. ನಾ ದೂರ ಕುಂತಿದ್ದೆ, ಅದಕ ಕೂಗಿದೆ."

ಅವನು ಮುನ್ಷಿಯ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕುಳಿತು, "ಮಾಫ್ ಮಾಡೋ" ಎಂದು ಅದರ ತಲೆ ಸವರಿದ. ಆ ಸಂಜೆ ಯಾರೂ ಕ್ಯಾಂಪಿನ ಸುದ್ದಿ ಎತ್ತಲಿಲ್ಲ.

ಗೆದ್ದೆ ಎಂದುಕೊಂಡೆ. ಆದರೆ ಹೊರಡುವಾಗ ಮುನ್ಷಿ ಆಟೊ ಹತ್ತಲಿಲ್ಲ. ಎತ್ತಿ ಒಳಗಿಟ್ಟರೆ ಆಚೆ ಕಡೆಯಿಂದ ಇಳಿದು ಹೊಲಕ್ಕೆ ಓಡಿತು. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಮೆಹಬೂಬ ಅದನ್ನು ಎತ್ತಲು ಬಾಗಿದಾಗ ನಾನು ಅವನ ತೋಳು ಹಿಡಿದೆ. ಅದಕ್ಕೆ ರೋಗವಿಲ್ಲ ಎಂದು ತೋರಿಸಲು ಬಂದಿದ್ದೆ, ತೋರಿಸಿದ್ದಾಯಿತು. ರೋಗವಿಲ್ಲದ ಮೇಲೆ ಅದನ್ನು ಮತ್ತೆ ಪಂಜರದ ಎದುರು ನಿಲ್ಲಿಸುವುದು ಹೇಗೆ? ನನ್ನ ಬಾಗಿಲಲ್ಲಿ ಮಲಗಿರಲಿ ಎಂಬುದು ನನ್ನ ಆಸೆ. ಅದರ ಆಸೆ ಕಣ್ಣೆದುರಿಗೇ ಓಡಾಡುತ್ತಿತ್ತು.

"ಹುಲಿಗೆವ್ವಾ, ಇದನ್ನ ಇಲ್ಲೇ ಬಿಡ್ಲೇನು?" ಎಂದೆ.

"ಬಿಡಬೇ. ನನಗೂ ಒಬ್ಬರು ಬೇಕು. ಆದರ ನೀ ಬರಬೇಕು ಮತ್ತ. ಬರದಿದ್ರ ಬೈತೀನಿ."

ದಾರಿಯುದ್ದಕ್ಕೂ ನಾನು ಆಟೊದ ಹಿಂದಿನ ಕಿಂಡಿಯಿಂದ ನೋಡಲಿಲ್ಲ. ನೋಡಿದರೆ ಅದು ನನ್ನ ಕಡೆ ನೋಡುತ್ತಿಲ್ಲ ಎಂಬುದು ಕಾಣುತ್ತದಲ್ಲ, ಅದಕ್ಕೆ.

ಈಗ ನಾನು ಪ್ರತಿ ಗುರುವಾರ ಒಬ್ಬಳೇ ಬಸ್ಸಿನಲ್ಲಿ ಹೋಗುತ್ತೇನೆ. ನಸೀಮಾ ಡಬ್ಬಿಯಲ್ಲಿ ಬೇಯಿಸಿದ ಮೂಳೆ ಕಟ್ಟಿಕೊಡುತ್ತಾಳೆ. ಮೂಳೆ ಕೊಡುವವನು ಇಸ್ಮಾಯಿಲ. ತನ್ನ ಬಾಯಿಂದಲೇ ಪಂಜರ ಉರುಳಿದ್ದೆಂದು ತಿಳಿದ ಮೇಲೆ ಅವನಿಗೂ ಮುನ್ಷಿಯ ಮೇಲೆ ಪ್ರೀತಿ ಬಂದಿದೆ. ಮೊದಲ ಸಲ ನನ್ನ "ಸಂತೆಕಲ್ಲೂರು" ಕಂಡಕ್ಟರಿಗೆ ಕೇಳಿಸದೆ, ಎರಡು ಊರು ಮುಂದೆ ಹೋಗಿ ಇಳಿದು ನಡೆದು ಬಂದೆ. ಈಗ ಕೇಳಿಸುವಂತೆ ಹೇಳುತ್ತೇನೆ.

ಹೋದ ಗುರುವಾರ ಬಸ್ಸಿನಿಂದ ಇಳಿದರೆ ಮುನ್ಷಿ ಎದುರಿಗೆ ಬಂದಿರಲಿಲ್ಲ. ಹುಲಿಗೆವ್ವ ಒಬ್ಬಳೇ ರಸ್ತೆಯ ಬದಿಗೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಎಷ್ಟೊತ್ತಿಗೆ ಬರ್ತೀಯಬೇ? ಕುಸುಬಿ ಸಾಲಿನಾಗ ಒಂದು ತಾಸಿನಿಂದ ಒಂಟಿ ಕಾಲ ಮ್ಯಾಲ ನಿಂತಾನ ನಿನ್ನ ಮಗ. ನಾ ಹನುಮಪ್ಪನ ಹೆಸರು ಹೇಳಿದೆ, ಕಿವಿ ಸೈತ ಅಲ್ಲಾಡಸಲಿಲ್ಲ. ನಿಮ್ಮ ದೇವರ ಹೆಸರೂ ಹೇಳಿ ನೋಡಿದೆ. ತಿರುಗಿ ನನ್ನ ಮುಖ ನೋಡಿದ, ಮತ್ತ ಹಂಗಾ ನಿಂತ. ನೀನಾ ಬರಬೇಕಂತ."

ಡಬ್ಬಿಯನ್ನು ಅವಳ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಹೊಲಕ್ಕೆ ಇಳಿದೆ. ಈ ಸಲ ಬಲೆಯ ಜಾಗಕ್ಕೆ ಹೋಗಲಿಲ್ಲ. ಮುಳ್ಳಿನ ಗಿಡಗಳ ನಡುವೆ ದಾರಿ ಮಾಡಿಕೊಂಡು ಹೋಗಿ, ಅದರ ಮಗ್ಗುಲಲ್ಲಿ ನಿಂತು, ಮೆಲ್ಲಗೆ ಹೇಳಿದೆ.